ಹರಿಗೋಲಿನಲ್ಲಿ ಕಲಿತ ಪಾಠ

ತರಗತಿಯಲ್ಲಿ ಅಂಬಿಗರ ಚೌಡಯ್ಯನ ವಚನಗಳನ್ನು ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದವನು ನಾನು. ಹೊಳೆ, ದೋಣಿ, ದಡ ಎಂದು ರೂಪಕಗಳನ್ನು ಬಿಡಿಸಿದ್ದೇ ಬಿಡಿಸಿದ್ದು. ಹುಟ್ಟನ್ನು ಮಾತ್ರ ಒಂದು ದಿನವೂ ಕೈಯಲ್ಲಿ ಹಿಡಿದವನಲ್ಲ. ಕಳೆದ ಚಳಿಗಾಲದಲ್ಲಿ ವಿದ್ಯಾರ್ಥಿಗಳೊಡನೆ ಹಂಪೆಗೆ ಹೋದಾಗ ಈ ಅಜ್ಞಾನಕ್ಕೆ ತಕ್ಕ ಶಾಸ್ತಿಯಾಯಿತು.

ನಾವು ಹನ್ನೆರಡು ಮಂದಿ. ಒಂದೇ ಹರಿಗೋಲಾದರೆ ಬಾಡಿಗೆ ಉಳಿದೀತೆಂಬುದು ನನ್ನ ಲೆಕ್ಕ. "ಆರಾರು ಮಂದಿ ಎರಡ್ರಾಗ ಕೂಡ್ರಿ ಸರ" ಎಂದ ಮುದುಕ ಅಂಬಿಗ. ನಾನು ಸುಮ್ಮನಿರಬಾರದೆ? ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದ, ಬೆತ್ತದ ಹೆಣಿಗೆಗೆ ತೊಗಲು ಹೊದಿಸಿದ ಇಲ್ಲಿಯ ದೋಣಿಗಳು ಹದಿನೈದಿಪ್ಪತ್ತು ಜನರನ್ನು ದಾಟಿಸುತ್ತಿದ್ದುವೆಂದು ಬರೆದುದನ್ನು ಯಜಮಾನರಿಗೆ ವಿವರಿಸಿದೆ. ಆತ ಸಾವಧಾನವಾಗಿ ಕೇಳಿ, "ಆ ಸಾಹೇಬ್ರ ಕಾಲದ್ದು ನಮಗೇನ್ ಗೊತ್ರಿ? ನಿಮ್ಮ ಹುಡುಗ್ರಿಗೆ ಈಜು ಬರ್ತೈತೇನು?" ಎಂದ. ಇಬ್ಬರು ಕೈಯೆತ್ತಿದರು. ಆ ಇಬ್ಬರಲ್ಲಿ ನಾನಿರಲಿಲ್ಲ.

ಎರಡು ಹರಿಗೋಲುಗಳಲ್ಲಿಯೇ ಹೊರಟೆವು. ನಡುಹೊಳೆಯಲ್ಲಿ ಹುಡುಗನೊಬ್ಬ ಚಿತ್ರ ತೆಗೆಯಲು ಎದ್ದು ನಿಂತ. ಅಂಚು ಬಾಗಿ ಒಂದು ಕೊಡದಷ್ಟು ನೀರು ಒಳಗೆ ಬಂತು. ಅಂಬಿಗ ಅವನ ಭುಜವನ್ನೊತ್ತಿ ಕೂರಿಸಿದ. ಹನ್ನೆರಡು ಮಂದಿಯೂ ಅದರಲ್ಲೇ ಇದ್ದಿದ್ದರೆ ಎಂಬ ಯೋಚನೆ ಈಗಲೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆ. 2019ರ ಜನವರಿಯಲ್ಲಿ ಕಾರವಾರದ ಬಳಿ, ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹದಿನಾರು ಜೀವ ಹೋದುದನ್ನು ವಾಚಕರು ಮರೆತಿರಲಾರರು. ಅದರಲ್ಲಿಯೂ ಜನ ಮಿತಿಮೀರಿ ತುಂಬಿದ್ದರು.

ನೀರೆಲ್ಲ ಒಂದೇ ಎಂಬುದು ದಡದಲ್ಲಿ ಕುಳಿತವರ ತಿಳಿವಳಿಕೆ. ದಾಂಡೇಲಿಯ ಕಡೆ ಕಾಳಿಯ ಸೆಳವಿನಲ್ಲಿ ಬಿದ್ದವನು ಎದ್ದು ನಿಲ್ಲಲು ಹವಣಿಸಬಾರದು; ಬಂಡೆಗಳ ಸಂದಿನಲ್ಲಿ ಪಾದ ಸಿಕ್ಕಿತೆಂದರೆ ಮೊಣಕಾಲುದ್ದದ ನೀರೂ ಮನುಷ್ಯನನ್ನು ಕೆಡಹಿ ಮುಳುಗಿಸುತ್ತದೆ. ಕಾಲುಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಅಂಗಾತನಾಗಿ ತೇಲಬೇಕು. ಒಡ್ಡಿನ ಕೆಳಗಿನ ನೀರು ನೋಡಲು ಸೊಗಸು. ಆದರೆ ಧುಮುಕಿದ ನೀರು ಅಲ್ಲಿಯೇ ಹಿಂದಕ್ಕೆ ಮಗುಚಿ, ಸಿಕ್ಕಿದವನನ್ನು ಬಿಡದೆ ಹೊರಳಿಸುತ್ತದೆ. ಹೊನ್ನಾವರದ ಅಳಿವೆಯಲ್ಲಿ ಕಯಾಕ್ ನಡೆಸುವವನಿಗೆ ಉಬ್ಬರವಿಳಿತವೇ ಪಂಚಾಂಗ: ಇಳಿತವೂ ಮೂಡಣ ಗಾಳಿಯೂ ಕೂಡಿದರೆ ಹಗುರ ದೋಣಿ ಕಡಲಿನತ್ತ ಹೊರಟುಬಿಡುತ್ತದೆ. ಎಲ್ಲಿಯೇ ಆಗಲಿ, ಮಗುಚಿದರೆ ದೋಣಿಯನ್ನು ಬಿಡಬಾರದು. ಮನುಷ್ಯನ ತಲೆಗಿಂತ ಅದು ಬೇಗ ಕಣ್ಣಿಗೆ ಬೀಳುತ್ತದೆ. ಲೈಫ್ ಜಾಕೆಟ್ಟಿನ ಮಾತು ಹೇಳಲೇಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಅದನ್ನು ಮಡಿಸಿ ಆಸನ ಮಾಡಿಕೊಂಡವರೇ ಹೆಚ್ಚು.

ಪ್ರವಾಸಕ್ಕೆ ಮುಂಚೆ ಕಾಲೇಜುಗಳು ಹಣ ಕಟ್ಟಿದವರ ಪಟ್ಟಿ ಮಾಡುತ್ತವೆ. ಈಜು ಬಲ್ಲವರ ಪಟ್ಟಿಯನ್ನೂ ಮಾಡಬೇಕು, ಬಾರದವರಿಗೆ ಕಲಿಸಬೇಕು. ನಮ್ಮಲ್ಲಿ ಈ ವರ್ಷ ಮಾಡಿದೆವು. ನನ್ನ ಹೆಸರು ಬಾರದವರ ಪಟ್ಟಿಯಲ್ಲಿದೆ. ಬೆಳಗಿನ ಆರು ಗಂಟೆಗೆ, ವಿದ್ಯಾರ್ಥಿಗಳ ನಗೆಯ ನಡುವೆ, ಈಜುಕೊಳದ ಅಂಚನ್ನು ಹಿಡಿದು ಕಾಲು ಬಡಿಯುತ್ತಿದ್ದೇನೆ.