ಪಟ್ಟೆಯೇ ಸಹಿ

ಮಕ್ಕಳೇ, ನಮ್ಮ ಕೊಪ್ಪಳ ಜಿಲ್ಲೆಯ ಕಲ್ಲುಗುಡ್ಡಗಳಲ್ಲಿ ಕತ್ತೆಕಿರುಬ ಇದೆ. ಹಗಲು ಕಾಣುವುದು ಅಪರೂಪ. ರಾತ್ರಿ ಸತ್ತ ದನ, ಕುರಿ ಹುಡುಕುತ್ತ ಹೊರಡುತ್ತದೆ.

ಅದನ್ನು ಎಣಿಸುವುದು ಹೇಗೆ? ಮರಕ್ಕೆ ಕಟ್ಟಿದ ಕ್ಯಾಮೆರಾ, ಮೈಬಿಸಿಯುಳ್ಳ ಪ್ರಾಣಿ ಎದುರು ಸುಳಿದೊಡನೆ ತಾನೇ ಚಿತ್ರ ತೆಗೆಯುತ್ತದೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ; ಎಡಮೈಯ ಪಟ್ಟೆ ಬಲಮೈಗೂ ಇಲ್ಲ. ಅದಕ್ಕೇ ದಾರಿಯ ಎರಡೂ ಬದಿ ಕ್ಯಾಮೆರಾ ಬೇಕು. ಬ್ಯಾಂಕಿನಲ್ಲಿ ನಾನು ಚೆಕ್ಕಿನ ಸಹಿ ತಾಳೆ ನೋಡುತ್ತಿದ್ದಂತೆ ಸಂಶೋಧಕರು ಪಟ್ಟೆ ತಾಳೆ ನೋಡುತ್ತಾರೆ.

ಎಲುಬನ್ನೂ ಅಗಿದು ಊರ ಹೊರಗಿನ ಕೊಳಕು ಕಳೆಯುವ ಪ್ರಾಣಿಯಿದು. ತೋಳ, ಚಿರತೆಯ ಮೇಲಿನ ಸಿಟ್ಟಿಗೆ ಸತ್ತ ಕುರಿಗೆ ವಿಷ ಹಾಕಿದರೆ ಇದೂ ಸಾಯುತ್ತದೆ, ಊರ ನಾಯಿಯೂ ಸಾಯುತ್ತದೆ. ಕಾಡುಪ್ರಾಣಿ ಕುರಿ ಹಿಡಿದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬಹುದು. ಮನೆಯಲ್ಲಿ ಕುರಿ ಇದ್ದವರು ಇದನ್ನು ದೊಡ್ಡವರಿಗೆ ಓದಿ ಹೇಳಿ.