ಗೂಡಿನ ತೂಕ, ನೂಲಿನ ತೂಕ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ನಿಂತು ನೋಡಬೇಕು. ನೂಲು ತೆಗೆಯುವ ರೀಲರುಗಳು ರಾಶಿಯೊಳಗೆ ಕೈಯಿಟ್ಟು ನಾಲ್ಕು ಗೂಡು ಎತ್ತುತ್ತಾರೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಇನ್ನೊಂದನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ತಕ್ಕಡಿ ಹೇಳಿದ್ದನ್ನು ಅವರು ಪೂರ್ತಿ ನಂಬುವುದಿಲ್ಲ. ಹಸಿ ಗೂಡಿನ ತೂಕದಲ್ಲಿ ಐದಕ್ಕೆ ನಾಲ್ಕು ಪಾಲು ಒಳಗೆ ಮಲಗಿರುವ ಹುಳದ್ದು. ರೇಷ್ಮೆ ಇರುವುದು ಉಳಿದ ಒಂದು ಪಾಲಿನಲ್ಲಿ. ಅದೂ ಪೂರ್ತಿ ನೂಲಾಗಿ ಬಿಚ್ಚಿಕೊಳ್ಳುವುದಿಲ್ಲ. ಒಂದು ಕೆ.ಜಿ. ನೂಲು ತೆಗೆಯಲು ಎಷ್ಟು ಕೆ.ಜಿ. ಗೂಡು ಬೇಕಾಯಿತು ಎಂಬ ಲೆಕ್ಕಕ್ಕೆ ಅವರ ಬಾಯಲ್ಲಿ ರೆಂಡಿಟ್ಟ ಅಂತ ಹೆಸರು. ಒಳ್ಳೆಯ ಬೈವೋಲ್ಟಿನ್ ತಳಿಯ ಗೂಡಾದರೆ ಆರೂವರೆ, ಏಳು. ಮಿಶ್ರ ತಳಿಯಾದರೆ ಇನ್ನೂ ಒಂದು ಕೆ.ಜಿ. ಹೆಚ್ಚು. ಗೂಡು ನೋಡಲು ದಪ್ಪಗಿದ್ದು ರೆಂಡಿಟ್ಟ ಏರಿದರೆ ಕೊಂಡವನ ಕಥೆ ಮುಗಿಯಿತು.

ಈ ಲೆಕ್ಕ ನನಗೆ ಮತ್ತೆ ನೆನಪಾದದ್ದು ಅಕ್ಕನ ಮಗನಿಂದ. ಶಿಡ್ಲಘಟ್ಟದಿಂದ ಒಂದಷ್ಟು ದೂರದ ಹಳ್ಳಿಯಲ್ಲಿ ಅವರ ಮನೆ. ಹಿಪ್ಪುನೇರಳೆ ತೋಟ, ಒಂದು ಹುಳು ಮನೆ, ಎರಡು ಸೀಮೆಹಸು. ಹುಡುಗನಿಗೆ 16 ವರ್ಷ, ಚಿಕ್ಕಬಳ್ಳಾಪುರದಲ್ಲಿ ಮೊದಲ ಪಿಯುಸಿ. ಎತ್ತರ 168 ಸೆಂ.ಮೀ., ತೂಕ 48 ಕೆ.ಜಿ. ಕಾಲೇಜಿನಲ್ಲಿ ಅವನು ಕಡ್ಡಿ ಪೈಲ್ವಾನ್. ಅರ್ಧ ಕನ್ನಡ ಅರ್ಧ ತೆಲುಗು ಆಡುವ ನಮ್ಮ ಕಡೆ ಓಣಿಯವರಿಗೆ ಬಕ್ಕೋಡು. ಮದುವೆ ಮನೆಗೆ ಹೋದರೆ ಸಾಕು, ಎಂದೂ ನೋಡದ ದೊಡ್ಡಮ್ಮಂದಿರು ರಟ್ಟೆ ಹಿಡಿದು "ಏನಮ್ಮಾ, ಮಗೂಗೆ ಊಟ ಹಾಕಲ್ವಾ?" ಅನ್ನುತ್ತಾರೆ. ದಪ್ಪಗಿರುವವರನ್ನು ಎದುರಿಗೇ ಹಾಗೆ ಅನ್ನಲು ಜನ ಈಗೀಗ ಸ್ವಲ್ಪ ಹಿಂಜರಿಯುತ್ತಾರೆ. ತೆಳ್ಳಗಿರುವವರ ರಟ್ಟೆ ಮಾತ್ರ ಇನ್ನೂ ಸಾರ್ವಜನಿಕ ಆಸ್ತಿ.

"ಏನ್ ತಿಂದ್ರೂ ಮೈಗ್ ಹತ್ತಲ್ಲ ಕಣೋ. ಯಾವ್ದಾದ್ರೂ ಒಳ್ಳೆ ಟಾನಿಕ್ ಇದ್ರೆ ಹೇಳು" ಅಂದಳು ಅಕ್ಕ. ಹುಡುಗ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೊಬೈಲ್ ತೋರಿಸಿದ. ಎತ್ತರ, ತೂಕ ಹಾಕಿದರೆ ಬಿಎಂಐ ಎಂಬ ಅಂಕಿ ಹೇಳುವ ಆ್ಯಪು. 17 ಅಂತ ಕೆಂಪಕ್ಷರದಲ್ಲಿ ಬಂದಿತ್ತು. "18.5 ಇರ್ಬೇಕಂತೆ ಮಾವ."

ಆ ಹದಿನೆಂಟೂವರೆ ದೊಡ್ಡವರ ಗೆರೆ. ಬೆಳೆಯುವ ಮಕ್ಕಳಿಗೆ ವಯಸ್ಸಿಗೊಂದು ಗೆರೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ 16 ತುಂಬಿದ ಹುಡುಗನನ್ನು ಕೃಶ ಎನ್ನುವುದು ಸುಮಾರು 16.5ಕ್ಕಿಂತ ಕೆಳಗೆ ಹೋದಾಗ. ಇವನು ಗೆರೆಯ ಈಚೆಗಿದ್ದಾನೆ, ಆದರೆ ಅಂಚಿನಲ್ಲಿದ್ದಾನೆ. ಈ ವಯಸ್ಸಿನ ಗಂಡುಹುಡುಗರು ಮೊದಲು ಉದ್ದವಾಗುತ್ತಾರೆ, ಮೈ ತುಂಬುವುದು ಆಮೇಲೆ. ಪ್ಯಾಂಟು ಗಿಡ್ಡವಾಗಿ ಬೆಲ್ಟು ಸಡಿಲವಾಗುವ ಕಾಲ ಅದು.

ಮೈಗೆ ಹತ್ತುವುದಿಲ್ಲ ಎನ್ನುವುದು ತಾಯಂದಿರ ಬರೀ ಗೊಣಗಾಟವಲ್ಲ. ಕೆನಡಾದ ಕ್ಲೋಡ್ ಬುಶಾರ್ ಮತ್ತು ಸಂಗಡಿಗರು 12 ಜೋಡಿ ತದ್ರೂಪಿ ಅವಳಿ ಯುವಕರಿಗೆ ವಾರಕ್ಕೆ ಆರು ದಿನದಂತೆ ಒಟ್ಟು 84 ದಿನ ದಿನಕ್ಕೆ 1000 ಕ್ಯಾಲರಿ ಹೆಚ್ಚಿಗೆ ತಿನ್ನಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಹೆಚ್ಚಿಗೆ ತಿಂದದ್ದು ಅಷ್ಟೇ. ಒಬ್ಬ 4 ಕೆ.ಜಿ. ಏರಿದ್ದ, ಇನ್ನೊಬ್ಬ 13 ಕೆ.ಜಿ. ಆದರೆ ಒಂದು ಬಸಿರಿನ ಇಬ್ಬರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದ್ದರು. ಅಂದರೆ ತಿಂದದ್ದು ಎಷ್ಟು ಹತ್ತಬೇಕೆಂಬುದರಲ್ಲಿ ವಂಶದ ಪಾಲು ದೊಡ್ಡದು. ಕೆಲವರ ಮೈ ಸುಮ್ಮನೆ ಕೂರುವ ಜಾತಿಯದೇ ಅಲ್ಲ. ಕಾಲು ಅಲ್ಲಾಡಿಸುತ್ತಾ, ಎದ್ದು ಓಡಾಡುತ್ತಾ ಹೆಚ್ಚಿಗೆ ತಿಂದದ್ದನ್ನು ಉರಿಸಿಬಿಡುತ್ತದೆ. ನಮ್ಮ ಭಾವನೂ ಹಾಗೇ. ಐವತ್ತರಲ್ಲೂ ಅದೇ ಬೆಲ್ಟು, ಅದೇ ತೂತು.

ಅಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಈ ಜಿಲ್ಲೆಯಲ್ಲಿ ತೆಳ್ಳಗಿರುವವನಿಗೆ ತೋರಿಸಲು ಮೇಲ್ಪಂಕ್ತಿಗಳಿಗೆ ಬರವಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಯಾವ ಫೋಟೋ ನೋಡಿದರೂ ಕೋಟಿನೊಳಗೆ ಮನುಷ್ಯ ಎಷ್ಟು ಸಣ್ಣಗಿದ್ದಾರೆಂದು ಕಾಣುತ್ತದೆ. ಅವರು ನೂರು ದಾಟಿ 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಗೌರಿಬಿದನೂರು ತಾಲ್ಲೂಕು ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಸೇರಲು ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋದವರು, ಎಂಬತ್ತು ಕಿ.ಮೀ. ಆಸುಪಾಸಿನ ದಾರಿ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದದ್ದು ಎಲ್ಲರಿಗೂ ಗೊತ್ತು. ಆದರೆ ಈ ಮಾತನ್ನು ನಾನು ಹುಡುಗನಿಗೆ ಹೇಳಲಿಲ್ಲ. ತೆಳ್ಳಗಿದ್ದು ನೂರು ವರ್ಷ ಬದುಕಿದವರ ಫೋಟೋ ಗೋಡೆ ಮೇಲಿರುತ್ತದೆ. ತೆಳ್ಳಗಿದ್ದು ಕ್ಷಯಕ್ಕೋ ಜಂತುಹುಳುವಿಗೋ ತುತ್ತಾದವರ ಫೋಟೋ ಯಾರ ಮನೆಯಲ್ಲೂ ಇಲ್ಲ. ಇದ್ದ ತೂಕ ಇಳಿಯುತ್ತಿದ್ದರೆ, ಎರಡು ವಾರ ಮೀರಿದ ಕೆಮ್ಮಿದ್ದರೆ, ವಿಪರೀತ ಬಾಯಾರಿ ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಿದ್ದರೆ, ಹೆಣ್ಣುಮಕ್ಕಳು 15 ತುಂಬಿದರೂ ದೊಡ್ಡವರಾಗದಿದ್ದರೆ ಅದು ಜಾಯಮಾನದ ತೆಳುವಲ್ಲ, ಡಾಕ್ಟರ ಹತ್ತಿರ ಹೋಗಬೇಕು. ಇವನಿಗೆ ಅವ್ಯಾವುದೂ ಇರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆವು, ಸರಿಯಾಗಿತ್ತು.

ಎರಡು ದಿನ ಅಲ್ಲೇ ಉಳಿದೆ. ಆಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು: ಹುಳು ಪೊರೆ ಬಿಡಲು ತಲೆಯೆತ್ತಿ ಅಲ್ಲಾಡದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಜ್ವರದಲ್ಲಿದ್ದಾಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ. ನಾಲ್ಕನೆಯದು ಎದ್ದ ಮೇಲಿನ ಒಂದು ವಾರವೇ ಎಲ್ಲ. ಹುಳು ಹುಟ್ಟಿದಾಗಿನಿಂದ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಆ ಒಂದೇ ವಾರದಲ್ಲಿ ತಿಂದು ಮುಗಿಸುತ್ತದೆ. ರಾತ್ರಿ ಹುಳು ಮನೆಯ ಬಾಗಿಲಲ್ಲಿ ನಿಂತರೆ ತೆಂಗಿನ ಗರಿ ಮೇಲೆ ಸೋನೆ ಬಿದ್ದ ಹಾಗೆ ಸದ್ದು. ಆ ವಾರ ಮನೆಯವರಿಗೆ ನಿದ್ದೆಯಿಲ್ಲ. ಒಂದು ಹೊತ್ತು ಸೊಪ್ಪು ತಪ್ಪಿದರೆ ಗೂಡು ಜೊಳ್ಳು ಎಂದು ಅಕ್ಕನಿಗೆ ಯಾವ ಪುಸ್ತಕವೂ ಹೇಳಿಕೊಡಬೇಕಿಲ್ಲ.

ಹುಡುಗನ ದಿನಚರಿಯನ್ನೂ ಅದೇ ಎರಡು ದಿನ ನೋಡಿದೆ. ಏಳು ಗಂಟೆ ಬಸ್ಸಿಗೆ ಮುಂಚೆ ಒಂದು ಲೋಟ ಟೀ, ಎರಡು ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ಆರಿ ಗಟ್ಟಿಯಾದದ್ದು. ಅರ್ಧ ತಿಂದು ಅರ್ಧ ವಾಪಸ್ಸು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಗೋಬಿ ಮಂಚೂರಿಯೋ ಬೇಕರಿಯ ಪಫ್ಸೋ. ರಾತ್ರಿ ಒಂಬತ್ತಕ್ಕೆ, ಹುಳಕ್ಕೆ ಸೊಪ್ಪು ಹಾಕಿ ಮುಗಿಸಿದ ಮೇಲೆ, ಹಿಟ್ಟು (ರಾಗಿಮುದ್ದೆ), ಸಾರು. ಆಮೇಲೆ ಒಂದರವರೆಗೆ ಮೊಬೈಲು. ಇಡೀ ಹಗಲಿನಲ್ಲಿ ಅವನ ಹೊಟ್ಟೆಗೆ ಬಿದ್ದದ್ದು ನಾನು ಕೂಡಿ ನೋಡಿದಂತೆ ಅವನ ಅಜ್ಜಿ ತಿನ್ನುವುದಕ್ಕಿಂತ ಕಡಿಮೆ. ಹತ್ತುವುದು ಆಮೇಲಿನ ಮಾತು, ತಿಂದದ್ದೇ ಅಷ್ಟು!

ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ 16ರಿಂದ 18ರ ಹುಡುಗನಿಗೆ ದಿನಕ್ಕೆ 3320 ಕ್ಯಾಲರಿ, ಸುಮಾರು 55 ಗ್ರಾಂ ಪ್ರೋಟೀನು. ಅದೇ ವಯಸ್ಸಿನ ಹುಡುಗಿಗೆ 2500 ಕ್ಯಾಲರಿ, 46 ಗ್ರಾಂ. ಮೈಮುರಿದು ದುಡಿಯುವವರನ್ನು ಬಿಟ್ಟರೆ, ಆಯುಷ್ಯದಲ್ಲಿ ಗಂಡಸಿಗೆ ಇಷ್ಟು ಹಸಿವು ಮತ್ತೊಮ್ಮೆ ಇರುವುದಿಲ್ಲ. ವಿಚಿತ್ರ ನೋಡಿ, ಸರ್ಕಾರಿ ಶಾಲೆಯಲ್ಲಿ ಓದುವಾಗ ಇವನಿಗೆ ಬಿಸಿಯೂಟವಿತ್ತು, ಕ್ಷೀರಭಾಗ್ಯದ ಹಾಲಿತ್ತು. 2024ರ ಫೆಬ್ರವರಿಯಿಂದ ಮುದ್ದೇನಹಳ್ಳಿಯ ಅನ್ನಪೂರ್ಣ ಟ್ರಸ್ಟಿನವರ ರಾಗಿ ಮಾಲ್ಟು ವಾರಕ್ಕೆ ಮೂರು ದಿನ ಆ ಹಾಲಿಗೆ ಬೀಳುತ್ತಿತ್ತು, ಸೆಪ್ಟೆಂಬರಿನಿಂದ ವಾರಕ್ಕೆ ಆರು ಮೊಟ್ಟೆ, ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು. ಹತ್ತನೇ ತರಗತಿ ಮುಗಿಯುತ್ತಲೇ ಎಲ್ಲ ನಿಂತಿತು. ಹುಳುವಿನ ಭಾಷೆಯಲ್ಲಿ ಹೇಳುವುದಾದರೆ, ನಾಲ್ಕನೇ ಜ್ವರ ಎದ್ದ ದಿನವೇ ಸೊಪ್ಪು ನಿಲ್ಲಿಸಿದ ಹಾಗೆ. ನನ್ನನ್ನು ಕೇಳಿದರೆ ಆ ತಟ್ಟೆ ಪಿಯುಸಿವರೆಗೂ ಹೋಗಬೇಕು. ಕೇಳುವವರು ಯಾರು!

ಮನೆಯಲ್ಲಿ ಏನಿತ್ತು? ಎರಡು ಹಸುವಿನ ಹಾಲಿತ್ತು, ಆದರೆ ಬೆಳಿಗ್ಗೆ ಸಂಜೆ ಕ್ಯಾನು ಡೈರಿಗೆ ಹೋಗುತ್ತಿತ್ತು. ಚಿಂತಾಮಣಿ ಕಡೆಯ ನೆಂಟರು ಕೊಟ್ಟ ಅರ್ಧ ಮೂಟೆ ಕಡ್ಲೆಕಾಯಿ ಅಟ್ಟದ ಮೇಲಿತ್ತು, ಯುಗಾದಿಗೆಂದು. ನಾಟಿಕೋಳಿ ಮೊಟ್ಟೆಯನ್ನು ಊರಿನ ಬಾಣಂತಿಯರಿಗೆ ಮಾರುತ್ತಿದ್ದರು. ಬೆಂಗಳೂರಿಗೆ ಹಾಲು, ತರಕಾರಿ, ಹೂವು, ದ್ರಾಕ್ಷಿ ಕಳಿಸುವ ಸೀಮೆ ಇದು. ಕಳಿಸಿದ ಮೇಲೆ ಉಳಿದದ್ದನ್ನು ನಾವು ಉಣ್ಣುತ್ತೇವೆ. ಅಕ್ಕನನ್ನು ದೂರುವ ಹಾಗಿಲ್ಲ, ಹಾಲಿನ ಬಟವಾಡೆಯಲ್ಲೇ ಹುಡುಗನ ಬಸ್ ಪಾಸಿನ ದುಡ್ಡೂ ಇದೆ.

ಟಾನಿಕ್ ವಿಷಯಕ್ಕೆ ಬಂದರೆ, ಅವಳು ಆಗಲೇ ಒಂದು ಕಡೆ ವಿಚಾರಿಸಿಯೂ ಇದ್ದಳು. ಊರ ಹೆಸರು, ಅಂಗಡಿ ಹೆಸರು ಬೇಡ. ಚೀಟಿಯಿಲ್ಲದೆ ಪೊಟ್ಟಣ ಕಟ್ಟಿ ಕೊಡುವ ದಪ್ಪ ಆಗೋ ಮಾತ್ರೆಗಳಲ್ಲಿ ಬಹಳ ಸಲ ಇರುವುದು ಎರಡು: ಸೈಪ್ರೋಹೆಪ್ಟಡೀನ್ ಎಂಬ ಅಲರ್ಜಿ ಔಷಧಿ, ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್. ಮೊದಲನೆಯದು ಹಸಿವನ್ನೂ ತರುತ್ತದೆ ತೂಕಡಿಕೆಯನ್ನೂ ತರುತ್ತದೆ. ಎರಡನೆಯದು ಕೆಲವೇ ವಾರದಲ್ಲಿ ಕೆನ್ನೆ ಉಬ್ಬಿಸುತ್ತದೆ, ಓಣಿಯವರು ಭೇಷ್ ಅನ್ನುತ್ತಾರೆ. ಒಳಗೆ ಆಗುವುದು ಬೇರೆ. ಮೈ ನೀರು ಹಿಡಿದುಕೊಳ್ಳುತ್ತದೆ, ಕೊಬ್ಬು ಹೊಟ್ಟೆಗೂ ಮುಖಕ್ಕೂ ಸೇರುತ್ತದೆ, ತೋಳು ತೊಡೆಯ ಮಾಂಸ ಕರಗುತ್ತದೆ, ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಗೂಡು ದಪ್ಪ, ನೂಲು ಮಾಯ.

ನಾವು ಭಾರತೀಯರು ಈ ಮಾತಿನಲ್ಲಿ ಮೊದಲೇ ಸ್ವಲ್ಪ ಕೆಟ್ಟ ರೆಂಡಿಟ್ಟದವರು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಅವರ ಗೆಳೆಯ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿ ಒಂದು ಪುಟ ಬರೆದರು. ಇಬ್ಬರದೂ ಒಂದೇ ಬಿಎಂಐ, 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್‌ಗೆ ನೂರಕ್ಕೆ 9.1, ಯಾಜ್ಞಿಕರಿಗೆ 21.2. ನೋಡಲು ಬಡಕಲು, ಒಳಗೆ ಕೊಬ್ಬು. ಇಂಥ ಮೈಗೆ ಪಫ್ಸು, ಸಕ್ಕರೆ, ಬಣ್ಣದ ಪಾನೀಯ ತುಂಬಿ ಹತ್ತು ಕೆ.ಜಿ. ಏರಿಸಿದರೆ ಮೂವತ್ತೈದಕ್ಕೇ ಸಕ್ಕರೆ ಕಾಯಿಲೆಯ ಚೀಟಿ ಹಿಡಿದು ನಿಲ್ಲುವ ಸಾಧ್ಯತೆ ಜಾಸ್ತಿ. ಆದ್ದರಿಂದ ಹುಡುಗನಿಗೆ ನಾನು ಹೇಳಿದ್ದು, "ಎಷ್ಟು ಕೆ.ಜಿ. ಅನ್ನೋದನ್ನ ಆಮೇಲೆ ನೋಡೋಣ, ಅದ್ರಲ್ಲಿ ನೂಲೆಷ್ಟು ಅಂತ ಮೊದ್ಲು ನೋಡು." ರೇಷ್ಮೆ ಮನೆಯ ಮಗ, ಥಟ್ಟನೆ ತಿಳಿಯಿತು.

ಅಕ್ಕನಿಗೆ ಹೇಳಿದ್ದು ಇನ್ನೂ ಸರಳ. ಹಿಟ್ಟು ಬಿಡಬೇಡ, 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸು ಸುಣ್ಣದಂಶ, ಮೂಳೆ ಗಟ್ಟಿಯಾಗುವ ವಯಸ್ಸಿಗೆ ಅದಕ್ಕಿಂತ ಅಗ್ಗದ್ದು ಯಾವುದಿದೆ? ಆದರೆ ಮುದ್ದೆ ಬೇಗ ಹೊಟ್ಟೆ ತುಂಬಿಸಿಬಿಡುತ್ತದೆ. ದಪ್ಪಗಾಗಬಾರದ ನನ್ನಂಥವರಿಗೆ ಅದು ವರ, ಇವನಿಗೆ ತೊಡಕು. ಎರಡನೇ ಮುದ್ದೆ ತುರುಕುವ ಬದಲು ಮೊದಲನೆಯದರ ಜೊತೆ ಹಿತಕಿದ ಬೇಳೆಯೋ ಹುರುಳಿಯೋ ಸಾರು ಗಟ್ಟಿಯಾಗಿರಲಿ, ಮೇಲೆ ತುಪ್ಪವೋ ಹುಚ್ಚೆಳ್ಳು ಪುಡಿಯೋ ಬೀಳಲಿ. ಅದರಾಚೆಗೆ ದಿನಕ್ಕೆ ಒಂದು ಹಿಡಿ ಹುರಿದ ಕಡ್ಲೆಬೀಜ, ಒಂದು ದೊಡ್ಡ ಲೋಟ ಹಾಲು, ಒಂದು ಮೊಟ್ಟೆ, ಒಂದು ಬಾಳೆಹಣ್ಣು. ಇವಿಷ್ಟೇ 450 ಕ್ಯಾಲರಿ ದಾಟುತ್ತವೆ, ಪ್ರೋಟೀನು 20 ಗ್ರಾಂ ಆಸುಪಾಸು. ಹಾಲು ಊಟಕ್ಕೆ ಮುಂಚೆ ಬೇಡ, ಆಮೇಲೆ. ಮುಂಚೆ ಕುಡಿದರೆ ಊಟ ಸೇರುವುದಿಲ್ಲ. ಬೆಳಗಿನ ಟೀಗೆ ಮೊದಲು ಏನಾದರೂ ಹೊಟ್ಟೆಗೆ ಬೀಳಲಿ, ರಾತ್ರಿಯ ತಂಗಳು ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿದ್ದಾದರೂ ಸೈ.

ತಿಂದದ್ದು ಮಾಂಸಕ್ಕೆ ಹೋಗಬೇಕಾದರೆ ಮಾಂಸಕ್ಕೆ ಕೆಲಸ ಬೇಕು. ಜಿಮ್ಮಿಗೆ ದುಡ್ಡು ಕೇಳಲು ಹುಡುಗನಿಗೆ ಸಂಕೋಚ. ತೋಟದಿಂದ ಹುಳು ಮನೆಗೆ ಸೊಪ್ಪಿನ ಹೊರೆ ಹೊರುವುದು ಇದ್ದೇ ಇತ್ತು, ಅದನ್ನು ಅಪ್ಪನ ತಲೆಯಿಂದ ಇವನ ತಲೆಗೆ ದಾಟಿಸಿದೆವು. ಜೊತೆಗೆ ದಂಡ, ಬೈಠಕ್, ದಿನ ಬಿಟ್ಟು ದಿನ. ಮೊಬೈಲು ಹತ್ತಕ್ಕೆ ಬಂದ್ ಎಂದಾಗ ಮಾತ್ರ ಮುಖ ಊದಿಸಿಕೊಂಡ. "ಜ್ವರಕ್ಕೆ ಕೂತ ಹುಳಾನ ನಿಮ್ಮಮ್ಮ ಮುಟ್ಟೋಕ್ ಬಿಡ್ತಾಳಾ?" ಅಂದೆ. ಬೆಳವಣಿಗೆಯ ಹಾರ್ಮೋನು ಗಾಢ ನಿದ್ದೆಯಲ್ಲೇ ಹೆಚ್ಚಾಗಿ ಸುರಿಯುತ್ತದೆ ಎಂದು ವಿವರಿಸುವ ಗೋಜಿಗೆ ಹೋಗಲಿಲ್ಲ.

ಮೂರು ತಿಂಗಳಾದ ಮೇಲೆ ಕಳೆದ ವಾರ ಹೋಗಿದ್ದೆ. 50 ಕೆ.ಜಿ. ಆಗಿದ್ದಾನೆ. "ಇಷ್ಟ್ ಮಾಡಿದ್ದಕ್ಕೆ ಎರಡೇ ಕೆ.ಜಿ.ನಾ!" ಅಂದಳು ಅಕ್ಕ, ಡೈರಿ ಪುಸ್ತಕದಲ್ಲಿ ದಿನಕ್ಕೆ ಅರ್ಧ ಲೀಟರ್ ಕಡಿಮೆಯಾದದ್ದನ್ನು ಅವಳು ತಿಂಗಳುವಾರು ಕೂಡಿಟ್ಟಿದ್ದಳು. ಹುಡುಗ ಏನೂ ಮಾತಾಡಲಿಲ್ಲ. ಅಂಗಳದಲ್ಲಿದ್ದ ಸೊಪ್ಪಿನ ಹೊರೆಯನ್ನು, ಯಾರನ್ನೂ ಕೈ ಹಾಕಲು ಕರೆಯದೆ, ಮೊಣಕಾಲಿಗೆ ಒಮ್ಮೆ ಆನಿಸಿ ತಲೆಗೇರಿಸಿಕೊಂಡು ಹುಳು ಮನೆಯ ಕಡೆ ಹೊರಟ. ಬಾಗಿಲಲ್ಲಿ ಬಗ್ಗುವಾಗ ಅವನ ಕತ್ತಿನ ನರ ಎದ್ದು ಕಾಣುತ್ತಿತ್ತು. ಅಕ್ಕ ಪುಸ್ತಕ ಮುಚ್ಚಿ, ಅವನ ಪಾಲಿನ ಹಾಲನ್ನು ಒಲೆ ಮೇಲಿಟ್ಟಳು.