ಗದ್ದುಗೆ ಬೇಡವೆಂದ ಗುರುಗಳು

ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ಮರುದಿನ ಸೈನಿಕ ಶಾಲೆಯ ಆವರಣದಲ್ಲಿ ಲಕ್ಷಾಂತರ ಭಕ್ತರು ಅಂತಿಮ ದರ್ಶನ ಪಡೆದರು. ಅಂದು ಸಂಜೆ ಆಶ್ರಮದಲ್ಲಿ ಅವರ ದೇಹವನ್ನು ಅಗ್ನಿಗೆ ಅರ್ಪಿಸಲಾಯಿತು. ಭೂಮಿಗಲ್ಲ, ಅಗ್ನಿಗೆ. ಈ ಸಂಗತಿ ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ಪ್ರಶ್ನೆಯಾಗಿಯೇ ಉಳಿದಿದೆ. ನಾವು ಎಲ್ಲಿ ಕಾಯಿ ಒಡೆಯಬೇಕು, ಮಕ್ಕಳನ್ನು ಎಲ್ಲಿ ಅಡ್ಡಬೀಳಿಸಬೇಕು ಎಂದು ತಾಯಂದಿರು ಕೇಳುತ್ತಾರೆ. ಅದು ಭಕ್ತಿಯಿಂದ ಹುಟ್ಟಿದ ಪ್ರಶ್ನೆ, ನಕ್ಕು ತಳ್ಳಿಹಾಕುವಂಥದಲ್ಲ.

ಲಿಂಗವಂತರಲ್ಲಿ ದೇಹವನ್ನು ಸುಡುವ ವಾಡಿಕೆಯಿಲ್ಲ. ಲಿಂಗಧಾರಣೆಯಿಂದ ಪ್ರಸಾದಕಾಯವಾದ ದೇಹವನ್ನು ಕುಳ್ಳಿರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡುವುದು ಕ್ರಮ. ಗುರುಗಳಾದರೆ ಆ ಸ್ಥಳವೇ ಗದ್ದುಗೆ. ಅದರ ಸುತ್ತ ಜಾತ್ರೆ, ದಾಸೋಹ, ಪಾಠಶಾಲೆಗಳು ಬೆಳೆಯುತ್ತವೆ. ಮಠದ ಅನ್ನವನ್ನುಂಡು ನಾಲ್ಕಕ್ಷರ ಕಲಿತ ನನ್ನಂಥವನು ಗದ್ದುಗೆಯನ್ನು ಹಗುರವಾಗಿ ಕಾಣಲಾರ.

ಆದರೆ ಪೂಜ್ಯರು 2014ರ ಗುರುಪೂರ್ಣಿಮೆಯಂದೇ ‘ಅಂತಿಮ ಅಭಿವಂದನ ಪತ್ರ’ವನ್ನು ಬರೆದಿರಿಸಿದ್ದರು. ದೇಹವನ್ನು ಭೂಮಿಯಲ್ಲಿಡದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಭಸ್ಮವನ್ನು ನದಿಯಲ್ಲಿಯೋ ಸಾಗರದಲ್ಲಿಯೋ ವಿಸರ್ಜಿಸಬೇಕು, ಸ್ಮಾರಕವನ್ನು ಕಟ್ಟಬಾರದು ಎಂಬುದು ಅದರ ಆಶಯ. ಅದು ಅಂತ್ಯಕಾಲದ ದೌರ್ಬಲ್ಯದಲ್ಲಿ ಹುಟ್ಟಿದ ವಿಚಾರವಲ್ಲವೆಂಬುದಕ್ಕೆ ಆ ದಿನಾಂಕವೇ ಸಾಕ್ಷಿ.

ಅವರ ಬದುಕೂ ಹಾಗೆಯೇ ಇತ್ತು. ವಿಜಯಪುರ ಜಿಲ್ಲೆಯ ಬಿಜ್ಜರಗಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಶ್ರೀ ಮಲ್ಲಿಕಾರ್ಜುನ ಸ್ವಾಮಿಗಳ ಸನ್ನಿಧಿಯನ್ನು ಸೇರಿದರು. ವಿದ್ಯಾರ್ಥಿಯಾಗಿದ್ದಾಗಲೇ ಗುರುಗಳ ಪ್ರವಚನಗಳನ್ನು ಸಂಗ್ರಹಿಸಿ ‘ಸಿದ್ಧಾಂತ ಶಿಖಾಮಣಿ’ ಗ್ರಂಥವನ್ನು ಸಿದ್ಧಪಡಿಸಿದರು. ತತ್ತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಉಟ್ಟದ್ದು ಬಿಳಿಯ ಬಟ್ಟೆ, ಅಂಗಿಗೆ ಕಿಸೆಯಿಲ್ಲ. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ, ಸಂನ್ಯಾಸಿಗೆ ಪ್ರಶಸ್ತಿಯಲ್ಲಿ ಆಸಕ್ತಿಯಿಲ್ಲವೆಂದು ಪ್ರಧಾನಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಹಿಂದಿರುಗಿಸಿದರು. ಬೇಡವೆನ್ನುವುದರಲ್ಲಿಯೂ ಒಂದು ಬಗೆಯ ಅಹಂಕಾರ ಇರಬಲ್ಲುದು. ಅವರ ಮಾತಿನಲ್ಲಿ ಅದು ಸುಳಿಯುತ್ತಿರಲಿಲ್ಲ.

ಒಂದೊಂದು ಊರಿನಲ್ಲಿ ತಿಂಗಳುಗಟ್ಟಲೆ ಬೆಳಗಿನ ಪ್ರವಚನ ನಡೆಯುತ್ತಿತ್ತು. ಮಹಾರಾಷ್ಟ್ರದ ಊರುಗಳಲ್ಲಿ ಮರಾಠಿಯಲ್ಲಿಯೂ ಮಾತನಾಡುತ್ತಿದ್ದರು. ಸಾವಿರಾರು ಜನ ಕುಳಿತಿದ್ದರೂ ಸದ್ದಿರುತ್ತಿರಲಿಲ್ಲ. ಉಪನಿಷತ್ತು, ಗೀತೆ, ಪತಂಜಲಿಯ ಯೋಗಸೂತ್ರ ಯಾವುದನ್ನೇ ಹೇಳಲಿ, ಹೊಲದ ಬೆಳೆ, ಗಿಡದ ಹೂವು, ಹಾರುವ ಹಕ್ಕಿ ಮಾತಿನಲ್ಲಿ ಬಂದೇ ಬರುತ್ತಿದ್ದವು. ಜಗತ್ತು ನೋಡಿ ಸಂತೋಷಪಡಲಿಕ್ಕಿದೆ, ‘ನನ್ನದು’ ಎಂದು ಹಿಡಿದಿಡಲಿಕ್ಕಲ್ಲ ಎಂಬುದನ್ನು ಒಕ್ಕಲಿಗನಿಗೂ ಪಂಡಿತನಿಗೂ ಒಂದೇ ಮಾತಿನಲ್ಲಿ ತಿಳಿಸುವ ಶಕ್ತಿ ಅವರದು.

ಅಭಿವಂದನ ಪತ್ರದ ಮೂಲವನ್ನು ನಾನು ಕಾಣುವುದು ಅವರ ‘ಅಲ್ಲಮಪ್ರಭು ವಚನ ನಿರ್ವಚನ’ದಲ್ಲಿ. ಶೂನ್ಯಸಂಪಾದನೆಯ ಗೋರಕ್ಷನ ಪ್ರಸಂಗ ಓದುಗರಿಗೆ ನೆನಪಿರಬಹುದು. ಕಾಯಸಿದ್ಧಿಯಿಂದ ಗೋರಕ್ಷನು ವಜ್ರಕಾಯನಾಗಿದ್ದ. ಪ್ರಭುದೇವರು ಅವನ ಮೈಗೆ ಖಡ್ಗ ಬೀಸಿದಾಗ ಖಣಿಲೆಂಬ ಸದ್ದಾಯಿತು. ಗೋರಕ್ಷನು ಪ್ರಭುವಿನ ಮೈಗೆ ಬೀಸಿದಾಗಲಾದರೋ ಖಡ್ಗವು ಬಯಲಿನಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಕಾಯವನ್ನು ಗಟ್ಟಿಗೊಳಿಸಿದವನು ಸೋತ. ಕಾಯದ ಗುರುತನ್ನೇ ಉಳಿಸಿಕೊಳ್ಳದವನು ಗೆದ್ದ. ಅಂಥ ಪ್ರಭುವಿನ ವಚನಗಳನ್ನು ಜನ್ಮವೆಲ್ಲ ಧ್ಯಾನಿಸಿದವರು ತಮ್ಮ ಮೇಲೊಂದು ಕಲ್ಲುಕಟ್ಟಡವನ್ನು ಬಯಸುವುದೆಂತು?

ಇದರಿಂದ ಗದ್ದುಗೆಗಳೆಲ್ಲ ವ್ಯರ್ಥವೆಂದು ವಾದಿಸುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಪೂಜ್ಯರು ಬರೆದದ್ದು ತಮ್ಮ ದೇಹದ ವಿಷಯವನ್ನು ಮಾತ್ರ. ಅದು ಸಮಾಜಕ್ಕೆ ಹೊರಡಿಸಿದ ಅಪ್ಪಣೆಯಲ್ಲ. ನಮ್ಮ ಮನೆಯ ಹಿರಿಯರ ಸಂಸ್ಕಾರವು ನಮ್ಮ ಕ್ರಮದಂತೆಯೇ ನಡೆಯಬಹುದು. ಆದರೆ ಅವರ ಇಚ್ಛೆಯನ್ನು ಮೀರಿ ಪ್ರೀತಿಯ ನೆಪದಲ್ಲಿ ಎಲ್ಲಿಯೋ ಒಂದು ಗುಡಿ ಕಟ್ಟುವುದು ಶಿಷ್ಯರಿಗೆ ಒಪ್ಪುವ ಕೆಲಸವಲ್ಲ.

ಭಸ್ಮವನ್ನು ಕೂಡಲಸಂಗಮದಲ್ಲಿಯೂ ಗೋಕರ್ಣದ ಕಡಲಿನಲ್ಲಿಯೂ ವಿಸರ್ಜಿಸಲಾಯಿತು. ಕಾಯಿ ಒಡೆಯುವ ಸ್ಥಳವನ್ನು ಕೇಳುವ ತಾಯಂದಿರಿಗೆ ನಾನು ಹೇಳುವುದಿಷ್ಟು: ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ‘ನಿರ್ವಚನ’ದ ಒಂದು ಪುಟವನ್ನು ಓದಿಸಿರಿ. ಪ್ರಭುವಿನ ಮಾತು ಮೊದಲಿಗೆ ಕಠಿಣವೆನಿಸೀತು. ಹಾಗಿದ್ದರೆ ಪ್ರವಚನದ ಧ್ವನಿಮುದ್ರಿಕೆಗಳಿವೆ, ಅವುಗಳಿಂದ ಆರಂಭಿಸಿರಿ.